ಹಿಂಬದಿ ದೀಪದೊಳಗೆ ಆಟಿಯ ಮಳೆ

ಜುಲೈ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಯಾವುದಾದರೂ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು, ಹಾದುಹೋಗುವ ಕಾರುಗಳ ಹಿಂಭಾಗವನ್ನಷ್ಟೇ ನೋಡುತ್ತಿರಿ. ಒಂದರ ಹಿಂಬದಿ ದೀಪದ ಒಳಮೈಗೆ ಸಣ್ಣ ಹನಿ ಕಟ್ಟಿರುತ್ತದೆ. ಇನ್ನೊಂದರಲ್ಲಿ ಎರಡು ಬೆರಳು ಎತ್ತರಕ್ಕೆ ನೀರು ನಿಂತು, ಬ್ರೇಕ್ ಒತ್ತಿದಾಗಲೆಲ್ಲ ತುಳುಕುತ್ತದೆ. ಮತ್ತೊಂದರಲ್ಲಿ ನಿಂತ ನೀರಿಗೆ ಪಾಚಿ ಹತ್ತಿ, ಕೆಂಪು ಹೊದಿಕೆಯ ತಳದಲ್ಲಿ ಕಪ್ಪು ಹಸಿರು ಗೆರೆಯೊಂದು ಮೂಡಿರುತ್ತದೆ. ಕಾರಿನವರನ್ನು ಕೇಳಿದರೆ "ಮಳೆಗಾಲ ಮುಗಿದ ಮೇಲೆ ತಾನಾಗಿಯೇ ಒಣಗುತ್ತದೆ" ಎನ್ನುತ್ತಾರೆ. ಒಣಗುವುದು ನಿಜ. ಆದರೆ ನವೆಂಬರಿನಲ್ಲಿ ಒಣಗುವ ಹೊತ್ತಿಗೆ ಬಲ್ಬಿನ ಹೋಲ್ಡರ್ ತುಕ್ಕು ತಿಂದು, ಹೊಳೆಯಬೇಕಿದ್ದ ಒಳಮೈ ಮಸುಕಾಗಿ, ಡಿಕ್ಕಿಯ ತಳದ ತಗಡಿನಲ್ಲಿ ತುಕ್ಕಿನ ಗುಳ್ಳೆ ಎದ್ದಿರುತ್ತದೆ.

ಈ ದೀಪದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಲು ನನಗೆ ಒಂದು ಕಾರಣವಿದೆ. ಕಾರಿನಲ್ಲಿರುವ ಉಳಿದ ಹೆಚ್ಚಿನ ವಸ್ತುಗಳು ಒಳಗೆ ಕುಳಿತವರಿಗಾಗಿ ಇವೆ. ಹಿಂಬದಿ ದೀಪ ಇರುವುದು ಹಿಂದೆ ಬರುವ, ನಮಗೆ ಪರಿಚಯವೂ ಇಲ್ಲದ ಇನ್ನೊಬ್ಬರಿಗಾಗಿ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ, ಸಂಜೆ ಐದಕ್ಕೇ ಕತ್ತಲು ಕವಿಯುವ ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ದಿನಗಳಲ್ಲಿ, ಹೆಲ್ಮೆಟಿನ ಗಾಜಿನ ಮೇಲೆ ನೀರು ಹರಿಯುತ್ತಿರುವ ಬೈಕ್ ಸವಾರನಿಗೆ ಮುಂದಿನ ಕಾರು ನಿಂತಿತೆಂದು ತಿಳಿಯುವುದು ಆ ಕೆಂಪು ಬೆಳಕಿನಿಂದ ಮಾತ್ರ. 1974ರಲ್ಲಿ ಜಾನ್ ವೊವೊಡ್ಸ್ಕಿ ಎಂಬ ಮನೋವಿಜ್ಞಾನಿ ಸ್ಯಾನ್‌ಫ್ರಾನ್ಸಿಸ್ಕೊದ ಟ್ಯಾಕ್ಸಿಗಳ ಹಿಂಭಾಗದ ನಡುವೆ ಮೂರನೆಯದೊಂದು ಬ್ರೇಕ್ ದೀಪ ಅಳವಡಿಸಿ ನೋಡಿದರು. ಆ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಶೇಕಡಾ 60ರಷ್ಟು ಕಡಿಮೆಯಾದವು. 1986ರ ಮಾದರಿಗಳಿಂದ ಅಮೆರಿಕ ಆ ದೀಪವನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಎಲ್ಲ ಕಾರುಗಳಿಗೂ ಬಂದು, ಜನರ ಕಣ್ಣಿಗೆ ರೂಢಿಯಾದ ಮೇಲೆ ಲಾಭ ಶೇಕಡಾ 4ರ ಆಸುಪಾಸಿಗೆ ಇಳಿಯಿತು ಎಂಬುದನ್ನೂ ಹೇಳಬೇಕು. ಆ 4 ಕೂಡ ಸಣ್ಣದಲ್ಲ. ಒಂದು ದೀಪ ಹೆಚ್ಚಾದರೆ ಅಷ್ಟು ಬದಲಾಗುವುದಾದರೆ, ಇರುವ ದೀಪಗಳಲ್ಲಿ ಒಂದು ಕೆಟ್ಟರೆ ಏನಾಗಬಹುದೆಂದು ಯೋಚಿಸಿ.

ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಇಂಥ ಮಳೆಗೆ ದೀಪದೊಳಗೆ ನೀರು ಹೋಗದೆ ಇರುತ್ತದೆಯೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಮಳೆ ಎಷ್ಟು ಜೋರಾಗಿ ಬಡಿಯುತ್ತದೆ ಎಂಬುದಕ್ಕಿಂತ ದೀಪ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಬಲ್ಬ್ ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಸಿಕ್ಕಿದ ಸಂದಿಯಿಂದ ಹೊರಗೆ ಹೋಗುತ್ತದೆ. ಆ ಹೊತ್ತಿಗೆ ಮಳೆ ಸುರಿದು ದೀಪ ತಟ್ಟನೆ ತಣ್ಣಗಾದರೆ ಉಳಿದ ಗಾಳಿ ಕುಗ್ಗಿ, ಹೊರಗಿನಿಂದ ಏನು ಸಿಗುತ್ತದೆಯೋ ಅದನ್ನು ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಬಹುದು. ಎರಡು ಲೀಟರ್ ಗಾಳಿ ಹಿಡಿಯುವ ದೀಪವೊಂದು 60 ಡಿಗ್ರಿ ಸೆಲ್ಸಿಯಸ್‌ಗೆ ಕಾದು 25 ಡಿಗ್ರಿಗೆ ಇಳಿದರೆ ಗಾಳಿ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಅಂದರೆ ಒಂದು ಲೋಟದಷ್ಟು. ಗಾಳಿ ಬರಲು ಬೇರೆ ದಾರಿಯೇ ಇಲ್ಲದಂತೆ ಮುಚ್ಚಿದ್ದರೆ, ಒಂದು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮನಾದ ಸೆಳೆತ ಆ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕಿನ ಬಾಯಲ್ಲಿ ಮಳೆನೀರು ನಿಂತಿದ್ದರೆ ಅದು ಒಳಗೆ ಹೋಗದೆ ಇರುವುದು ಹೇಗೆ?

ಇದನ್ನು ಅರಿತೇ ಕಾರು ತಯಾರಿಸುವವರು ದೀಪಕ್ಕೆ ಉಸಿರಾಡುವ ದಾರಿ ಇಟ್ಟಿರುತ್ತಾರೆ. ದೀಪವನ್ನು ಬಿಚ್ಚಿ ಬೆನ್ನು ತಿರುಗಿಸಿ ನೋಡಿದರೆ ಕೆಲವದರಲ್ಲಿ ಮಡಚಿದ ಸಣ್ಣ ರಬ್ಬರ್ ಕೊಳವೆ, ಕೆಲವದರಲ್ಲಿ ನಾಣ್ಯದಷ್ಟು ಅಗಲದ ಬಿಳಿಯ ಪೊರೆ ಕಾಣುತ್ತದೆ. ಆ ಪೊರೆಯ ಕಥೆ ಸ್ವಾರಸ್ಯಕರ. 1969ರಲ್ಲಿ ಬಾಬ್ ಗೋರ್ ಎಂಬವರು, ದೋಸೆ ಕಾವಲಿಗೆ ಹಚ್ಚುವ ಅದೇ ಟೆಫ್ಲಾನ್ ಬಗೆಯ ಪ್ಲಾಸ್ಟಿಕನ್ನು ಬಿಸಿಮಾಡಿ ಗಕ್ಕನೆ ಎಳೆದಾಗ ಅದು ಹರಿಯದೆ ಹಿಗ್ಗಿ, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳುಳ್ಳ ವಸ್ತುವಾಯಿತು. ಆ ರಂಧ್ರದಲ್ಲಿ ಗಾಳಿ, ಆವಿ ಹೋಗಿ ಬರುತ್ತವೆ. ನೀರಿನ ಹನಿ ನುಸುಳಲಾರದು. ಮಳೆಯಂಗಿಗೆ ಬಂದ ಆ ವಸ್ತುವೇ ಕಾರಿನ ದೀಪಕ್ಕೂ ಬಂತು. ಇಷ್ಟು ಯೋಚಿಸಿ ಇಟ್ಟ ಪೊರೆಯ ಮೇಲೆ ಸಿಲಿಕಾನ್ ಮೆತ್ತಿ "ಬಂದೋಬಸ್ತು ಮಾಡಿದೆ" ಎನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಸಿರಿನ ದಾರಿ ಮುಚ್ಚಿದ ದಿನದಿಂದ ದೀಪ ಬೇರೆಲ್ಲಿಂದಲಾದರೂ ಉಸಿರು ಎಳೆಯುತ್ತದೆ, ಅದರ ಜೊತೆ ನೀರನ್ನೂ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ಒಳಗಿರುವುದು ಆವಿಯೋ ನೀರೋ ಎಂಬುದು. ರಾತ್ರಿ ಮಳೆ ಬಂದು ಬೆಳಿಗ್ಗೆ ದೀಪದ ಮೂಲೆಯಲ್ಲಿ ತೆಳ್ಳಗೆ ಮಂಜು ಕಟ್ಟಿದ್ದು, ದೀಪ ಹಾಕಿಕೊಂಡು ಪೆರ್ಲದವರೆಗೆ ಹೋಗಿ ಬರುವಷ್ಟರಲ್ಲಿ ಕರಗಿಹೋದರೆ ಅದಕ್ಕೆ ಕೈಹಚ್ಚಬೇಡಿ. ಅದು ದೀಪ ಉಸಿರಾಡುತ್ತಿರುವ ಗುರುತು. ಹನಿಗಳು ಒಂದಕ್ಕೊಂದು ಕೂಡಿ ಕೆಳಗೆ ಜಾರಿದ ಗೆರೆ ಕಂಡರೆ, ತಳದಲ್ಲಿ ನೀರು ನಿಂತಿದ್ದರೆ, ಒಂದು ಕಡೆಯ ದೀಪದಲ್ಲಿ ಮಾತ್ರ ದಿನವಿಡೀ ಮಂಜು ಉಳಿದರೆ, ಎಲ್ಲೋ ಬಿಟ್ಟುಕೊಂಡಿದೆ ಎಂದೇ ಅರ್ಥ.

ಎಲ್ಲಿ ಬಿಟ್ಟಿದೆ ಎಂದು ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ಸೀತಾಂಗೋಳಿ ಕಡೆ ನನ್ನ ಕಾರು ನೋಡುವ ಗ್ಯಾರೇಜಿನ ಅಣ್ಣ ಒಮ್ಮೆ ಹೇಳಿದರು: "ಮಾಷ್ಟ್ರೇ, ಸಿಲಿಕಾನ್ ಹಾಕಲು ಐದು ನಿಮಿಷ ಸಾಕು. ಎಲ್ಲಿ ಹಾಕಬೇಕೆಂದು ತಿಳಿಯಲು ಒಂದು ಮಧ್ಯಾಹ್ನ ಬೇಕು. ಜನ ಐದು ನಿಮಿಷದ ಕೆಲಸಕ್ಕೆ ಮಾತ್ರ ದುಡ್ಡು ಕೊಡುತ್ತಾರೆ, ಮಧ್ಯಾಹ್ನದ ಲೆಕ್ಕ ಯಾರೂ ಇಡುವುದಿಲ್ಲ." ಅವರ ಮಾತಿನಲ್ಲಿ ದೂರು ಇರಲಿಲ್ಲ, ಇದ್ದುದನ್ನು ಇದ್ದ ಹಾಗೆ ಹೇಳಿದ್ದರು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುವವರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವರು ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆಯಲ್ಲಿ ತೇವ ಯಾವ ಕಡೆಯಿಂದ ಬರುತ್ತಿದೆ ಎಂದು ಕೈಯಿಟ್ಟು ನೋಡಿ, ಆ ಒಸರನ್ನು ಹಿಂಬಾಲಿಸಿ ಅಗೆಯುತ್ತಾ ಹೋಗುತ್ತಾರೆ. ದೀಪದ ಸೋರಿಕೆಯನ್ನು ಹುಡುಕುವವರದ್ದೂ ಅದೇ ಕಸುಬು. ಹನಿ ಬಿದ್ದ ಜಾಗವನ್ನು ಬಿಟ್ಟು, ಹನಿ ಬಂದ ಹಾದಿಯನ್ನು ನೋಡಬೇಕು.

ನಮ್ಮೂರಿನಲ್ಲಿ ಈ ಹುಡುಕಾಟಕ್ಕೆ ಒಂದು ಒಳ್ಳೆಯ ಕಾಲವಿದೆ. ಏಪ್ರಿಲ್, ಮೇ. ಮಣ್ಣಿನ ರಸ್ತೆಯ ಮುರಕಲ್ಲಿನ ಕೆಂಪು ಹುಡಿ ಕಾರಿನ ಸಂದುಗೊಂದುಗಳಲ್ಲೆಲ್ಲ ಕುಳಿತಿರುತ್ತದೆ. ಮಳೆಗಾಲದಲ್ಲಿ ನೀರು ಹೋಗುವ ದಾರಿಯಲ್ಲೇ ಬೇಸಿಗೆಯಲ್ಲಿ ಹುಡಿಯೂ ಹೋಗುತ್ತದೆ. ಮೇ ತಿಂಗಳ ಕೊನೆಯಲ್ಲಿ ಡಿಕ್ಕಿ ತೆರೆದು, ಬದಿಯ ಹೊದಿಕೆ ಸರಿಸಿ, ದೀಪ ಹಿಡಿದಿರುವ ನಟ್ಟುಗಳನ್ನು ಬಿಚ್ಚಿ, ದೀಪವನ್ನು ನೇರವಾಗಿ ಹಿಂದಕ್ಕೆ ಎಳೆದು ತೆಗೆಯಿರಿ. ಓರೆಯಾಗಿ ಎಳೆದರೆ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತದೆ. ಈಗ ದೀಪಕ್ಕೂ ಬಾಡಿಗೂ ನಡುವೆ ಅಂಟಿರುವ ಸ್ಪಂಜಿನ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿ ಒತ್ತಿ ಕುಳಿತ ಕಡೆ ಅದು ಕಪ್ಪಾಗಿ, ಶುಚಿಯಾಗಿ ಇರುತ್ತದೆ. ಬಿಟ್ಟುಕೊಂಡ ಕಡೆ ಹೊರ ಅಂಚಿನಿಂದ ಒಳ ಅಂಚಿಗೆ ಕೆಂಪು ಗೆರೆಯೊಂದು ಅಡ್ಡ ಹಾದಿರುತ್ತದೆ. ಮೊದಲ ಸಲ ಆ ಗೆರೆಯನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಳೆಗಾಲದುದ್ದಕ್ಕೂ ಕಾಣದೆ ಕಾಡಿದ ನೀರಿನ ದಾರಿಯನ್ನು ಒಂದು ಹನಿ ಮಳೆಯೂ ಇಲ್ಲದ ಬಿಸಿಲಿನಲ್ಲಿ ಹುಡಿ ಬರೆದು ತೋರಿಸಿತ್ತು. ಬಿಳಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ ಸಂದಿನಲ್ಲಿ ಒರೆಸಿದರೂ ಇದು ತಿಳಿಯುತ್ತದೆ.

ಮಳೆಗಾಲ ಹಿಡಿದ ಮೇಲೆ ಹುಡಿ ತೊಳೆದುಹೋಗುತ್ತದೆ, ಆಗ ಬೇರೆ ಉಪಾಯ ಬೇಕು. ಬಿಚ್ಚಿದ ದೀಪದಿಂದ ಬಲ್ಬುಗಳನ್ನು ತೆಗೆದು, ಒಂದು ತೂತಿನಿಂದ ಒಳಗೆ ನೀರು ತುಂಬಿ, ಹೊರಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹಳೆಯ ದಿನಪತ್ರಿಕೆಯ ಮೇಲೆ ಬೇರೆ ಬೇರೆ ಭಂಗಿಯಲ್ಲಿ ಇಟ್ಟು ನೋಡುವುದು ನನಗೆ ಹಿಡಿಸಿದ ಕ್ರಮ. ಒಳಗೆ ಹೋದ ದಾರಿಯಲ್ಲೇ ನೀರು ಹೊರಗೂ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಂಚಿನ ಯಾವುದೋ ಒಂದು ಕಡೆ ಸಾಸಿವೆಯಷ್ಟು ಹನಿ ಮೂಡುತ್ತದೆ. ಒರೆಸಿದರೆ ಅಲ್ಲೇ ಮತ್ತೆ ಮೂಡುತ್ತದೆ. ಪೆನ್ಸಿಲಿನಿಂದ ಗುರುತು ಹಾಕಿ. ಇದು ಬಲ್ಬಿನ ದೀಪಕ್ಕೆ ಮಾತ್ರ. ಒಳಗೆ ಎಲ್‌ಇಡಿ ಹಲಗೆ ಇರುವ ದೀಪಕ್ಕೆ ನೀರು ತುಂಬಬಾರದು. ಅಲ್ಲಿ ಅಂಚಿಗೆ ಸಾಬೂನು ನೊರೆ ಸವರಿ, ಉಸಿರಿನ ಕೊಳವೆಯಿಂದ ಬಾಯಲ್ಲೇ ಮೆಲ್ಲಗೆ ಊದಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ.

ಹನಿ ಸಾಮಾನ್ಯವಾಗಿ ಮೂರು ಕಡೆ ಸಿಗುತ್ತದೆ: ಬಲ್ಬಿನ ಹೋಲ್ಡರಿನ ರಬ್ಬರ್ ಉಂಗುರ, ಪಾರ್ಕಿಂಗಿನಲ್ಲಿ ಯಾರೋ ತಾಗಿಸಿ ಹೋದ ಮೂಲೆಯ ಬಿರುಕು, ಮತ್ತು ಕೆಂಪು ಹೊದಿಕೆ ಹಿಂದಿನ ಕಪ್ಪು ಪೆಟ್ಟಿಗೆಗೆ ಕೂಡುವ ಸಂಧಿ. ಉಂಗುರದ್ದಾದರೆ ಬದುಕಿದಿರಿ. ಗಟ್ಟಿಯಾದ ಹಳೆಯ ರಬ್ಬರನ್ನು ತೆಗೆದು ಹೊಸದು ಹಾಕಿದರೆ ಮುಗಿಯಿತು. ಎಷ್ಟೋ ಸಲ ಉಂಗುರವೂ ಸರಿಯಿದ್ದು, ಬಲ್ಬ್ ಬದಲಿಸಿದವರು ಹೋಲ್ಡರನ್ನು ಪೂರ್ತಿ ತಿರುಗಿಸಿ ಬಿಗಿ ಮಾಡದೆ ಬಿಟ್ಟಿರುತ್ತಾರೆ. ಸಂಧಿಯದ್ದಾದರೆ ಕೆಲಸ ಹೆಚ್ಚು. ಹೆಡ್‌ಲೈಟನ್ನು ಬಿಸಿಮಾಡಿ ಬಿಡಿಸುವ ವಿಡಿಯೊಗಳು ಬೇಕಾದಷ್ಟಿವೆ. ಅಲ್ಲಿ ಎರಡು ಭಾಗಗಳನ್ನು ಅನೇಕ ಸಲ ಮೆದುವಾದ ಅಂಟಿನಿಂದ ಕೂಡಿಸಿರುತ್ತಾರೆ, ಶಾಖಕ್ಕೆ ಅದು ಬಿಡುತ್ತದೆ. ಹಿಂಬದಿ ದೀಪದಲ್ಲಿ ಹಾಗಲ್ಲ. ಹೆಚ್ಚಿನವುಗಳ ಎರಡು ಅಂಚುಗಳನ್ನೂ ಕಾದ ಲೋಹದ ಫಲಕಕ್ಕೆ ಒತ್ತಿ ಕರಗಿಸಿ, ಒಂದರೊಳಗೊಂದು ಬೆಸೆದಿರುತ್ತಾರೆ. ಬಿಸಿಮಾಡಿದರೆ ಬೆಸುಗೆ ಬಿಡುವ ಮೊದಲೇ ಅಕ್ರಿಲಿಕ್ ಹೊದಿಕೆ ಸೊಟ್ಟಗಾಗುತ್ತದೆ. ಆದ್ದರಿಂದ ಹಿಂಬದಿ ದೀಪವನ್ನು ಬಿಡಿಸುವ ಯೋಚನೆ ಬೇಡ, ಹೊರಗಿನಿಂದಲೇ ಮುಚ್ಚಬೇಕು.

ಯಾವುದರಿಂದ ಮುಚ್ಚುವುದು ಎಂಬಲ್ಲಿ ತುಸು ಎಚ್ಚರ ಬೇಕು. ಅಂಗಡಿಯಲ್ಲಿ ಸಿಲಿಕಾನ್ ಕೇಳಿದರೆ ಹೆಚ್ಚಾಗಿ ಕೊಡುವುದು ಗಾಜು, ಅಕ್ವೇರಿಯಂಗೆ ಹಾಕುವಂಥದ್ದು. ಟ್ಯೂಬ್ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಒಣಗುವಾಗ ಹೊರಬಿಡುವುದು ನಿಜವಾಗಿಯೂ ಅಸಿಟಿಕ್ ಆಮ್ಲ. ಆ ಆವಿ ಒಳಗೆ ಸೇರಿದರೆ ತಾಮ್ರದ ಸಂಪರ್ಕಗಳನ್ನೂ, ಪ್ರತಿಫಲಕಕ್ಕೆ ಬಳಿದ ತೆಳು ಅಲ್ಯೂಮಿನಿಯಂ ಪದರವನ್ನೂ ಕೆಡಿಸುತ್ತದೆ. ನೀರಿನಿಂದ ಕಾಪಾಡಲು ಹೋಗಿ ಆಮ್ಲಕ್ಕೆ ಒಪ್ಪಿಸಿದಂತಾಗುತ್ತದೆ. ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಅದಕ್ಕೆ ಹುಳಿ ವಾಸನೆ ಇರುವುದಿಲ್ಲ. ನಲ್ಲಿಯ ಪೈಪಿಗೆ ಮೆತ್ತುವ ಎಪಾಕ್ಸಿ ಮುದ್ದೆ ಪೈಪಿಗೆ ಒಳ್ಳೆಯದೇ, ಆದರೆ ಅದು ಕಲ್ಲಿನಷ್ಟು ಗಟ್ಟಿ. ದೀಪದ ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವಾಗ ಅದು ಜೊತೆಗೆ ಬಾಗದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಕೆಂಪು ಹೊದಿಕೆಯಲ್ಲೇ ಬಿರುಕಿದ್ದರೆ ನಾಮಫಲಕ ಮಾಡುವವರ ಹತ್ತಿರ ಹೋಗಿ. ಅವರು ಅಕ್ರಿಲಿಕ್ ಹಾಳೆಗಳನ್ನು ಕ್ಲೋರೋಫಾರ್ಮ್ ಹನಿಸಿ ಕೂಡಿಸುತ್ತಾರೆ. ಅದು ಪ್ಲಾಸ್ಟಿಕನ್ನೇ ಕರಗಿಸಿ ಒಂದಾಗಿಸುತ್ತದೆ. ಆ ಕೆಲಸವನ್ನು ಅವರ ಕೈಗೇ ಬಿಡುವುದು ಲೇಸು, ಆವಿ ಉಸಿರಿಗೆ ಒಳ್ಳೆಯದಲ್ಲ. ಮನೆಯಲ್ಲಿ ಮಾಡುವಾಗ ಹೊದಿಕೆಯನ್ನು ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಯಾವುದರಿಂದಲೂ ಒರೆಸಬೇಡಿ. ಅಕ್ರಿಲಿಕ್ ಮೇಲೆ ಜೇಡನ ಬಲೆಯಂಥ ಸೀಳುಗಳು ಏಳುತ್ತವೆ, ಅವು ಮತ್ತೆ ಮಾಯುವುದಿಲ್ಲ. ಸಾಬೂನು ನೀರು ಸಾಕು.

ಬಾಡಿಯ ಕಡೆಯ ಗ್ಯಾಸ್ಕೆಟ್ ಸೋತಿದ್ದರೆ ತಗಡಿನ ಮಾಡಿಗೆ ಹಚ್ಚುವ ಬ್ಯುಟೈಲ್ ಟೇಪಿನಿಂದ ಎಳೆ ಕತ್ತರಿಸಿ, ಸುತ್ತಲೂ ಒಂದೇ ತುಂಡಾಗಿ ಇಟ್ಟು, ಎರಡು ತುದಿಗಳನ್ನು ಕೆಳಬದಿಯಲ್ಲಿ ಕೂಡಿಸಬೇಕು. ಮೇಲ್ಬದಿಯಲ್ಲಿ ಜೋಡಣೆ ಬಂದರೆ ಮುಂದೆ ಸೋರುವುದು ಅಲ್ಲೇ.

ಮುಚ್ಚುವ ಮೊದಲು ಒಣಗಿಸಬೇಕು. ಜುಲೈಯಲ್ಲಿ ಇದೇ ದೊಡ್ಡ ಪರೀಕ್ಷೆ. ಬೆಳಗಿನ ಗಾಳಿಯ ತೇವಾಂಶ ಶೇಕಡಾ 90 ದಾಟಿರುವಾಗ ಅಂಗಳದಲ್ಲಿ ಇಟ್ಟರೂ, ಜಗಲಿಯಲ್ಲಿ ಇಟ್ಟರೂ ಒಂದೇ. ಫ್ಯಾನಿನಡಿ ಇಟ್ಟರೆ ತೇವದ ಗಾಳಿಯನ್ನೇ ಮತ್ತೆ ಊದಿದಂತಾಗುತ್ತದೆ. ಶಾಖ ಬೇಕು, ಆದರೆ ಕೈ ತಡೆಯುವಷ್ಟೇ ಶಾಖ. ಬಚ್ಚಲೊಲೆಯ ಹತ್ತಿರ ಇಟ್ಟರೆ ಹೊಗೆಯ ಮಸಿ ಒಳಗೆ ಕೂರುತ್ತದೆ. ನಾನು ಮಾಡುವುದು ಇಷ್ಟು: ಒಳಗಿನ ಕೊಳೆನೀರನ್ನು ಚೆಲ್ಲಿ, ಪಾಚಿ ಇದ್ದರೆ ಸಾಬೂನು ನೀರಿನಿಂದ ಕುಲುಕಿ ತೊಳೆದು, ಕೊನೆಯ ಸಲ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಜಾಲಾಡಿಸುತ್ತೇನೆ. ಬಾವಿಯ ನೀರಾದರೆ ಒಣಗಿದಾಗ ಬಿಳಿ ಕಲೆ ಉಳಿಯಬಹುದು. ಆಮೇಲೆ ಒಂದು ರಟ್ಟಿನ ಪೆಟ್ಟಿಗೆಗೆ ಮೇಲೊಂದು ಕೆಳಗೊಂದು ತೂತು ಮಾಡಿ, ಹಿಂದೆ ಕೋಳಿಮರಿಗಳಿಗೆ ಬೆಚ್ಚಗಾಗಲು ಇಡುತ್ತಿದ್ದಂಥ 40 ವ್ಯಾಟಿನ ಹಳೆಯ ಬಲ್ಬನ್ನು ರಟ್ಟಿಗೆ ತಾಗದಂತೆ ತೂಗುಹಾಕಿ, ದೀಪವನ್ನು ಬಲ್ಬಿನ ತೂತು ಕೆಳಗಾಗುವಂತೆ ಇಡುತ್ತೇನೆ. ಬಲ್ಬ್ ಉರಿಯುವಷ್ಟು ಹೊತ್ತು ಹತ್ತಿರ ಯಾರಾದರೂ ಇರಬೇಕು. ನಮ್ಮೂರಿನ ಕರೆಂಟು ಉಳಿದರೆ ಮರುದಿನಕ್ಕೆ ಹೊದಿಕೆಯೊಳಗೆ ಒಂದು ಮಂಜಿನ ಕಲೆಯೂ ಇರುವುದಿಲ್ಲ.

ಇನ್ನು ಹೋಲ್ಡರ್. ಹೆಚ್ಚಿನ ಬಲ್ಬಿನ ದೀಪಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ: ರಾತ್ರಿ ಸದಾ ಉರಿಯಲು 5 ವ್ಯಾಟಿನದ್ದು, ಬ್ರೇಕಿಗೆ 21 ವ್ಯಾಟಿನದ್ದು. ಎರಡನ್ನೂ ಅದಲುಬದಲು ಹಾಕಲು ಬಾರದಂತೆ ಬುಡದ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟಿರುತ್ತಾರೆ. ನೀರು ನಿಂತ ಹೋಲ್ಡರಿನಲ್ಲಿ ಮೊದಲು ಕೆಡುವುದು ಅರ್ತಿನ ಸಂಪರ್ಕ. ಅದು ಕೆಟ್ಟಾಗ ವಿಚಿತ್ರವೊಂದು ನಡೆಯುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಬೆಳಗುತ್ತದೆ, ಇಂಡಿಕೇಟರ್ ಹಾಕಿದರೆ ಹಿಂಬದಿ ದೀಪವೂ ಮಿನುಗುತ್ತದೆ. ಹಿಂದಿರುಗುವ ದಾರಿ ಮುಚ್ಚಿಹೋದ ಕರೆಂಟು ಪಕ್ಕದ ಬಲ್ಬಿನ ತಂತಿಯ ಮೂಲಕ ಬೇರೆ ದಾರಿ ಹುಡುಕಿಕೊಂಡಿರುತ್ತದೆ. ಹಿಂದೆ ಬರುವವನಿಗೆ ಮುಂದಿನ ಕಾರು ನಿಲ್ಲುತ್ತಿದೆಯೋ ತಿರುಗುತ್ತಿದೆಯೋ ತಿಳಿಯುವುದಿಲ್ಲ. ಕುಂಬಳೆ, ಉಪ್ಪಳದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಯೂ ಸೇರಿ ಇದು ಇನ್ನೂ ಬೇಗ ಆಗುತ್ತದೆ. ಹೋಲ್ಡರಿನ ತಾಮ್ರದ ಎಲೆಗಳನ್ನು ನುಣುಪಾದ ಎಮರಿ ಕಾಗದದಿಂದ ಉಜ್ಜಿ, ಸೋತಿದ್ದರೆ ತುಸು ಮೇಲಕ್ಕೆತ್ತಿ, ಬಲ್ಬ್ ಹಾಕಿದ ಮೇಲೆ ಬ್ಯಾಟರಿಯ ತುದಿಗಳಿಗೆ ಹಚ್ಚುವಂತೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿದರೆ ಮುಂದಿನ ಮಳೆಗಾಲಕ್ಕೆ ಭಯವಿಲ್ಲ.

ಅಡಿಕೆ ತೋಟದವರಿಗೆ ನಾನು ಬೇರೆಯಾಗಿ ಹೇಳಬೇಕಾದ ಸಂಗತಿಯೊಂದಿದೆ. ದೀಪಕ್ಕೂ ಬಾಡಿಗೂ ನಡುವಿನ ಗ್ಯಾಸ್ಕೆಟಿನಿಂದ ನುಸುಳಿದ ನೀರು ದೀಪದೊಳಗೆ ಕಾಣುವುದೇ ಇಲ್ಲ. ಅದು ಬಾಡಿಯ ಒಳಬದಿಯಲ್ಲಿ ಇಳಿದು, ಡಿಕ್ಕಿಯ ನೆಲಹಾಸಿನಡಿ ಹರಿದು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸೇರುತ್ತದೆ. ನೆಲಹಾಸು ಮುಟ್ಟಿದರೆ ಒಣಗಿದ್ದೀತು. ಸ್ಟೆಪ್ನಿ ಎತ್ತಿ ನೋಡಿದರೆ ಅರ್ಧ ಬಕೆಟ್ ನೀರು. ಇದೇ ಡಿಕ್ಕಿಯಲ್ಲಿ ನಾವು ಮಹಾಳಿ ರೋಗದ (ಅಡಿಕೆಯ ಕೊಳೆರೋಗ) ಮದ್ದಿಗೆಂದು ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ ತರುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ಇಲ್ಲಿ ಮಕ್ಕಳಿಗೂ ಗೊತ್ತು. ದ್ರಾವಣ ಹದವಾಯಿತೇ ಎಂದು ನೋಡಲು ಕಬ್ಬಿಣದ ಚೂರಿಯನ್ನು ಅದ್ದಿ ತೆಗೆಯುವುದೂ ಗೊತ್ತು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಯಾವುದು? ಕಬ್ಬಿಣ ಕರಗಿ, ಅದರ ಜಾಗದಲ್ಲಿ ಬಂದು ಕುಳಿತ ತಾಮ್ರ. ಚೂರಿಯಲ್ಲಿ ಕ್ಷಣದಲ್ಲಿ ಕಾಣುವ ಅದೇ ಕ್ರಿಯೆ, ಚೀಲದಿಂದ ಉದುರಿದ ನಾಲ್ಕು ನೀಲಿ ಹರಳುಗಳು ಸ್ಟೆಪ್ನಿ ಗುಂಡಿಯ ನೀರಿನಲ್ಲಿ ಕರಗಿದರೆ ಕಾರಿನ ತಗಡಿನಲ್ಲೂ ನಡೆಯುತ್ತದೆ. ಜಾಕಿ ಉಜ್ಜಿ ಬಣ್ಣ ಹೋದ ಜಾಗದಲ್ಲಿ ಅದು ತೊಡಗುತ್ತದೆ. ಹಾಗೆ ತೂತಾದ ತಳಕ್ಕೆ ಟಿಂಕರಿಂಗ್ ಮಾಡಿಸಿದ ಕಾರುಗಳನ್ನು ನಾನು ನೋಡಿದ್ದೇನೆ. ಅಲ್ಲಿಯ ಕೆಲಸದವರು ತುಕ್ಕಿಗೆ ಮಳೆಯನ್ನೇ ಕಾರಣ ಹೇಳುತ್ತಿದ್ದರು, ನೀಲಿ ಹರಳಿನ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ.

ಮದ್ದು ಬಿಡುವುದು ಮೊದಲ ಸುತ್ತು ಮಳೆ ಹಿಡಿಯುವ ಮೊದಲು, ಎರಡನೆಯ ಸುತ್ತು 40–45 ದಿನಗಳ ನಂತರ, ಆಟಿಯ ಹೊತ್ತಿಗೆ. ಎರಡು ಸಲವೂ ಚೀಲ ಇಳಿಸಿದ ದಿನವೇ ನೆಲಹಾಸು ಎತ್ತಿ, ಸ್ಟೆಪ್ನಿ ತೆಗೆದು, ಗುಂಡಿಯನ್ನು ತೊಳೆದು ಒರೆಸಿ. ಗುಂಡಿಯ ತಳದಲ್ಲಿ ರಬ್ಬರ್ ಬಿರಡೆಯೊಂದಿದ್ದರೆ ಅದನ್ನು ತೆಗೆದು ನೀರು ಬಿಡಬಹುದು. ಚೀಲವನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇಟ್ಟು ತಂದರೆ ಇನ್ನೂ ಒಳ್ಳೆಯದು. ಗುಂಡಿಯಲ್ಲಿ ನೀರು ಕಂಡ ಮಾತ್ರಕ್ಕೆ ದೀಪವನ್ನೇ ದೂರಬೇಡಿ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್, ಮಾಡಿನ ಆಂಟೆನಾದ ಬುಡ, ಬಂಪರಿನ ಹಿಂದಿರುವ ಗಾಳಿಯ ಕಿಟಕಿ, ಮೇಲಿನ ಮೂರನೆಯ ಬ್ರೇಕ್ ದೀಪದ ಗ್ಯಾಸ್ಕೆಟ್ ಎಲ್ಲವೂ ಇದೇ ಗುಂಡಿಗೆ ನೀರು ಕಳಿಸಬಲ್ಲವು. ಹೊದಿಕೆಗಳನ್ನೆಲ್ಲ ತೆಗೆದು, ಒಳಗೋಡೆಗೆ ರಂಗೋಲಿ ಹುಡಿ ಎರಚಿ, ಒಬ್ಬರು ಟಾರ್ಚ್ ಹಿಡಿದು ಹಿಂದಿನ ಸೀಟಿನ ಕಡೆಯಿಂದ ನೋಡುತ್ತಿರುವಾಗ ಇನ್ನೊಬ್ಬರು ಹೊರಗೆ ಪೈಪಿನಿಂದ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲವೂ ಒಮ್ಮೆಗೇ ಒದ್ದೆಯಾಗಿ ದಾರಿ ತಪ್ಪುತ್ತದೆ.

ತಳದಲ್ಲಿ ಸಣ್ಣ ತೂತು ಕೊರೆದು ನೀರು ಇಳಿಯಲು ಬಿಡುವವರ ವಿಷಯದಲ್ಲಿ ನನಗೆ ಪೂರ್ತಿ ವಿರೋಧವಿಲ್ಲ. ಹಳೆಯ ಅನೇಕ ದೀಪಗಳಲ್ಲಿ ತಯಾರಿಸಿದವರೇ ಅಂಥ ತೂತು ಇಟ್ಟಿದ್ದರು, ನಮ್ಮ ಕೆಂಪು ಮಣ್ಣು ಅದನ್ನು ಮುಚ್ಚಿರುತ್ತದೆ. ಅದನ್ನು ಹುಡುಕಿ ಸೂಜಿಯಿಂದ ಬಿಡಿಸಿದರೆ ಸಾಕಾಗುವುದೂ ಉಂಟು. ಆದರೆ ಇಲ್ಲದ ಕಡೆ ಹೊಸದಾಗಿ ಕೊರೆದರೆ ಚಕ್ರ ಎರಚುವ ಕೆಸರೂ, ಇರುವೆಯೂ ಅದೇ ದಾರಿಯಲ್ಲಿ ಬರುತ್ತವೆ. ಬೇರೆ ದಾರಿಯೇ ಕಾಣದ ಹಳೆಯ ಬಲ್ಬಿನ ದೀಪಕ್ಕೆ ಅದು ಕೊನೆಯ ಉಪಾಯ. ಎಲ್‌ಇಡಿ ದೀಪಕ್ಕೆ ಸಲ್ಲದು.

ಎಲ್‌ಇಡಿಯ ಕಷ್ಟವೇ ಬೇರೆ. 21 ವ್ಯಾಟಿನ ಬಲ್ಬ್ ತನ್ನ ಶಕ್ತಿಯ ಬಹುಪಾಲನ್ನು ಶಾಖವಾಗಿ ಬಿಡುತ್ತಿತ್ತು, ಆ ಶಾಖವೇ ಮಂಜನ್ನು ಒಣಗಿಸುತ್ತಿತ್ತು. ಎಲ್‌ಇಡಿ ಕಡಿಮೆ ಕರೆಂಟು ತಿನ್ನುತ್ತದೆ, ಹೊದಿಕೆಯನ್ನು ಬಿಸಿ ಮಾಡುವುದಿಲ್ಲ. ಒಳಬಂದ ತೇವ ಅಲ್ಲೇ ಉಳಿಯುತ್ತದೆ. ಬಲ್ಬ್ ಹೋದರೆ ಬಲ್ಬ್ ಹಾಕುತ್ತಿದ್ದೆವು, ಇಲ್ಲಿ ಹಲಗೆಯ ಮೇಲಿನ ಒಂದು ಸಾಲು ಆರಿದರೆ ಇಡೀ ದೀಪವನ್ನೇ ಬದಲಿಸಲು ಹೇಳುತ್ತಾರೆ. ಹೊಸ ಕಾರಾಗಿದ್ದು ವಾರಂಟಿ ಇದ್ದರೆ ನೀವಾಗಿ ಬಿಚ್ಚುವ ಮೊದಲು ನೀರು ನಿಂತ ದೀಪದ ಫೋಟೊ ತೆಗೆದು ತೋರಿಸಿ. ಮಂಜು ಸಹಜ ಎಂದು ಅವರು ಹೇಳಿದರೆ, ಹರಿದಿಳಿದ ಹನಿಯ ಗೆರೆಯನ್ನು ತೋರಿಸಿ ಕೇಳುವ ಹಕ್ಕು ನಿಮಗಿದೆ.

ಎಲ್ಲ ಕೂಡಿಸಿ ದೀಪ ಮರಳಿ ಹಾಕುವಾಗ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಸುತ್ತು ಬಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಮೂಲೆಯನ್ನೇ ಎಳೆದು ಕಟ್ಟಿದರೆ ಇನ್ನೊಂದು ಮೂಲೆಯ ಗ್ಯಾಸ್ಕೆಟ್ ಎದ್ದುಕೊಳ್ಳುತ್ತದೆ. ಸಂಜೆ ಮನೆಯವರೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ, ಒಂದೊಂದೇ ದೀಪ ಹಾಕಿ ಹೇಳಿಸಿಕೊಳ್ಳಿ: ಹಿಂಬದಿ, ಬ್ರೇಕ್, ಎಡ, ಬಲ, ರಿವರ್ಸ್. ಆಮೇಲೆ ಎರಡೆರಡನ್ನು ಕೂಡಿಸಿ ಹಾಕಿ ನೋಡಿ, ಅರ್ತ್ ಸಡಿಲವಿದ್ದರೆ ತಿಳಿಯುವುದು ಆಗಲೇ. ಹಿಂದೆ ನಿಲ್ಲಲು ಯಾರೂ ಇಲ್ಲದಿದ್ದರೆ ಕಾರನ್ನು ಸುಣ್ಣ ಬಳಿದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೂ ಆಗುತ್ತದೆ. ಇಷ್ಟಾದ ಮೇಲೂ ಮೊದಲ ಜಡಿಮಳೆಯ ಮರುದಿನ ತಳದಲ್ಲಿ ಹನಿ ಕಂಡರೆ ಸಿಲಿಕಾನ್ ಟ್ಯೂಬಿಗೆ ಕೈ ಹಾಕುವ ಮೊದಲು ಬಲ್ಬಿನ ಹೋಲ್ಡರನ್ನು ಇನ್ನೊಮ್ಮೆ ಪೂರ್ತಿ ತಿರುಗಿಸಿ ಬಿಗಿ ಮಾಡಿ ನೋಡಿ.